ಓಝೋನ್ ಎರಡು ದಿನ ತೆಳುವಾದರೆ ಧ್ರುವದ ಬಿಸಿಲು ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮ ಬೀದಿಯ ಒಂದು ಮನೆಯ ತಾರಸಿಯಲ್ಲಿ ಭಾನುವಾರ ಬೆಳಿಗ್ಗೆ ಒಂದಷ್ಟು ಜನ ಸೇರುತ್ತೇವೆ. ವಿಜ್ಞಾನದ ಮಾತು, ಜೊತೆಗೆ ಕಾಫಿ. ಸೆಪ್ಟೆಂಬರ್ 16ರ ಓಝೋನ್ ದಿನದ ನೆಪದಲ್ಲಿ ಶುರುವಾದ ಒಂದು ಚರ್ಚೆ ನಾಲ್ಕು ವಾರ ಎಳೆಯಿತು. ಫೋನಿನಲ್ಲಿ ಅದೇ ಉತ್ತರವನ್ನು ಹತ್ತು ಸಲ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಫಿಸಿಕ್ಸ್ ಪಾಠ ಮಾಡಿಕೊಂಡಿದ್ದವನು. ಧ್ರುವಕ್ಕೆ ಹೋದವನಲ್ಲ.

ಓಝೋನ್ ತೂತು ಅಂದರೆ ನಿಜವಾಗಲೂ ತೂತಾ?

ಅಲ್ಲ. ಬಟ್ಟೆ ಹರಿದಂತೆ ಅಲ್ಲ, ಸವೆದು ತೆಳುವಾದಂತೆ. ಓಝೋನ್ ಅಂದರೆ ಆಕಾಶದಲ್ಲಿ ಎತ್ತರದಲ್ಲಿದ್ದು, ಬಿಸಿಲಿನಲ್ಲಿರುವ ಚರ್ಮ ಸುಡುವ ಅತಿನೇರಳೆ ಕಿರಣವನ್ನು ತಡೆಯುವ ಅನಿಲ. ನಮ್ಮ ತಲೆ ಮೇಲಿರುವ ಓಝೋನನ್ನೆಲ್ಲ ನೆಲಕ್ಕೆ ಇಳಿಸಿ, ಸೊನ್ನೆ ಡಿಗ್ರಿ ಚಳಿಯಲ್ಲಿ, ನೆಲಮಟ್ಟದ ಒತ್ತಡದಲ್ಲಿ ಹರಡಿದೆವು ಅಂತಿಟ್ಟುಕೊಳ್ಳಿ. ಅದರ ದಪ್ಪ ಸುಮಾರು 3 ಮಿಲಿಮೀಟರ್ ಆಗುತ್ತದೆ. ಒಂದರ ಮೇಲೊಂದು ಎರಡು ನಾಣ್ಯ ಇಟ್ಟಷ್ಟು. ಈ ದಪ್ಪದ ನೂರನೇ ಒಂದು ಮಿಲಿಮೀಟರಿಗೆ ಒಂದು ಡಾಬ್ಸನ್ ಯೂನಿಟ್ ಅನ್ನುತ್ತಾರೆ. ಹಾಗಾಗಿ 3 ಮಿಲಿಮೀಟರ್ ಅಂದರೆ 300 ಯೂನಿಟ್. ಅಂಟಾರ್ಟಿಕಾದ ಮೇಲೆ ಇದು 220ಕ್ಕಿಂತ ಕೆಳಗೆ ಇಳಿದ ಜಾಗವನ್ನು ತೂತು ಅಂತ ಲೆಕ್ಕ ಹಾಕುತ್ತಾರೆ. ಕೆಲವು ವರ್ಷ ಅಲ್ಲಿ 100ಕ್ಕಿಂತ ಕೆಳಗೂ ಹೋಗಿದೆ.

ಇಲ್ಲೊಂದು ವಿಚಿತ್ರ ಇದೆ. ಮೈಸೂರಿನ ಮೇಲೆ ವರ್ಷವಿಡೀ ಇರುವುದು ಸುಮಾರು 260ರ ಆಸುಪಾಸು. ಉತ್ತರ ಧ್ರುವದ ಕಡೆ ಮಾರ್ಚ್ ತಿಂಗಳಲ್ಲಿ ಸಾಮಾನ್ಯವಾಗಿ 400ಕ್ಕೂ ಜಾಸ್ತಿ. ಓಝೋನ್ ಹೆಚ್ಚಾಗಿ ಹುಟ್ಟುವುದು ನಮ್ಮಂಥ ಬಿಸಿಲ ಸೀಮೆಯ ಆಕಾಶದಲ್ಲಿ. ಮೇಲಿನ ಗಾಳಿ ಅದನ್ನು ನಿಧಾನವಾಗಿ ಧ್ರುವದ ಕಡೆ ಸಾಗಿಸುತ್ತದೆ. ಬೆಳೆದವರ ಮನೆಯಲ್ಲಿ ಕಡಿಮೆ, ಕೊಂಡವರ ಮನೆಯಲ್ಲಿ ಜಾಸ್ತಿ. ಮಂಡ್ಯದ ಕಬ್ಬಿನವರಿಗೆ ಇದು ಹೊಸ ವಿಷಯವೇನಲ್ಲ!

ಇದು ಗೊತ್ತಾಗಿದ್ದು ಯಾವಾಗ?

1985ರಲ್ಲಿ. ಜೋ ಫಾರ್ಮನ್, ಬ್ರಯನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಟಿಕಾದ ಹ್ಯಾಲಿ ನಿಲ್ದಾಣದ ಅಳತೆಗಳನ್ನು ಪ್ರಕಟಿಸಿದರು. ಫ್ರಿಜ್, ಏಸಿ, ಸ್ಪ್ರೇ ಡಬ್ಬಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಝೋನ್ ತಿನ್ನಬಹುದು ಅಂತ ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು 1974ರಲ್ಲೇ ಹೇಳಿದ್ದರು. 1987ರಲ್ಲಿ ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು. ಈ ಕಥೆ ಎಲ್ಲ ಕಡೆ ಸಿಗುತ್ತದೆ, ಮುಂದಕ್ಕೆ ಹೋಗೋಣ.

ಎರಡು ಮೂರು ದಿನದಲ್ಲಿ ಓಝೋನ್ ಅಷ್ಟೊಂದು ಬದಲಾಗುತ್ತದಾ?

ಆಗುತ್ತದೆ. ಅಂಟಾರ್ಟಿಕಾದ ಅಂಚಿನ ನಿಲ್ದಾಣಗಳಲ್ಲಿ ಒಂದೆರಡು ದಿನದಲ್ಲೇ 100 ಯೂನಿಟ್ ಏರುಪೇರು ಆಗುವುದುಂಟು. ನಮ್ಮಲ್ಲಿ ಇಡೀ ವರ್ಷದಲ್ಲೂ ಅಷ್ಟು ಆಗುವುದಿಲ್ಲ.

ಕಾರಣ ಹೀಗಿದೆ. ಚಳಿಗಾಲದಲ್ಲಿ ಧ್ರುವದ ಮೇಲೆ, 15-20 ಕಿಲೋಮೀಟರ್ ಎತ್ತರದಲ್ಲಿ, ಗಾಳಿ ದೊಡ್ಡ ಸುಳಿಯಾಗಿ ತಿರುಗುತ್ತಿರುತ್ತದೆ. ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಒಳಗೆ ಮೈನಸ್ 78 ಡಿಗ್ರಿಗಿಂತ ಕೆಳಗೆ ಚಳಿ ಬಿದ್ದಾಗ ತೆಳುವಾದ ಮೋಡಗಳು ಹುಟ್ಟುತ್ತವೆ. ಸಿಎಫ್‌ಸಿಯಿಂದ ಬಂದ ಕ್ಲೋರಿನ್ ಆ ಮೋಡದ ಕಣಗಳ ಮೇಲೆ ಎಚ್ಚರಗೊಂಡು ಕಾಯುತ್ತದೆ. ವಸಂತದ, ಅಂದರೆ ದಕ್ಷಿಣದಲ್ಲಿ ಆಗಸ್ಟ್-ಸೆಪ್ಟೆಂಬರಿನ, ಮೊದಲ ಬಿಸಿಲು ಬಿದ್ದ ಕೂಡಲೇ ಓಝೋನ್ ತಿನ್ನಲು ಶುರು. ಹೀಗೆ ಸುಳಿಯ ಒಳಗೆ ಓಝೋನ್ ಕಡಿಮೆ, ಹೊರಗೆ ಜಾಸ್ತಿ.

ಈಗ ಆ ಸುಳಿಯನ್ನು ಬುಗುರಿ ಅಂದುಕೊಳ್ಳಿ. ಬುಗುರಿ ಒಂದೇ ಕಡೆ ನೆಟ್ಟಗೆ ನಿಲ್ಲುತ್ತದಾ? ವಾಲುತ್ತದೆ, ಜಾರುತ್ತದೆ. ಸುಳಿಯೂ ಹಾಗೇ. ಒಮ್ಮೆ ದಕ್ಷಿಣ ಅಮೆರಿಕದ ತುದಿಯ ಕಡೆ ಚಾಚಿಕೊಳ್ಳುತ್ತದೆ, ಮರುದಿನ ಹಿಂದೆ ಸರಿಯುತ್ತದೆ. ಅಂಚಿನ ಊರಿನವರು ಸೋಮವಾರ ಸುಳಿಯ ಒಳಗೆ, ಬುಧವಾರ ಹೊರಗೆ. ಅವರು ಎಲ್ಲೂ ಹೋಗಿಲ್ಲ, ತಲೆ ಮೇಲಿನ ಗಾಳಿ ಬದಲಾಗಿದೆ ಅಷ್ಟೆ. ಚಿಲಿಯ ಪುಂಟಾ ಅರೇನಾಸ್, ಅರ್ಜೆಂಟೀನಾದ ಉಶುವಾಯಾ ಊರುಗಳಿಗೆ ಇದು ಅನುಭವದ ಮಾತು.

ಇನ್ನೊಂದು ಬಗೆಯೂ ಇದೆ, ಅದಕ್ಕೆ ಮರಿ ತೂತು ಅನ್ನೋಣ. ಕೆಳಗೆ ಬಲವಾದ ಹೆಚ್ಚು ಒತ್ತಡದ ಹವೆ ಬಂದಾಗ ಮೇಲಿನ ಪದರ ಇನ್ನೂ ಮೇಲಕ್ಕೆ ಉಬ್ಬುತ್ತದೆ. ಓಝೋನ್ ಪಕ್ಕಕ್ಕೆ ಹರಡಿ ಆ ಜಾಗದಲ್ಲಿ ತೆಳುವಾಗುತ್ತದೆ. ದೋಸೆ ಹಿಟ್ಟನ್ನು ಸೌಟಿನಿಂದ ಹರಡಿದ ಹಾಗೆ: ಹಿಟ್ಟು ಅಷ್ಟೇ ಇದೆ, ನಡುವೆ ದಪ್ಪ ಕಡಿಮೆಯಾಯಿತು. ಇಲ್ಲಿ ಓಝೋನ್ ನಾಶವಾಗಿಲ್ಲ. ಹವೆ ಸಾಗಿಹೋದ ಮೇಲೆ ಕೆಲವೇ ದಿನದಲ್ಲಿ ಮೊದಲಿನಂತಾಗುತ್ತದೆ.

ಓಝೋನ್ ಅರ್ಧ ಆದರೆ ಅತಿನೇರಳೆ ಕಿರಣ ಎರಡು ಪಟ್ಟಾ?

ಅದಕ್ಕಿಂತ ಸ್ವಲ್ಪ ಜಾಸ್ತಿ. ಚರ್ಮ ಸುಡುವ ಕಿರಣಕ್ಕೆ ಒಂದು ಅಂದಾಜು ಲೆಕ್ಕ ಇದೆ: ಓಝೋನ್ ಶೇಕಡಾ 1 ಇಳಿದರೆ ಕಿರಣ ಸುಮಾರು ಶೇಕಡಾ 1.2 ಏರುತ್ತದೆ. ಶೇಕಡಾ 10 ಇಳಿದರೆ 13-14 ಏರುತ್ತದೆ. ಪೂರ್ತಿ ಅರ್ಧವಾದರೆ 2.3 ಪಟ್ಟು.

ಅತಿನೇರಳೆಗೆ ಚುಟುಕಾಗಿ ಯುವಿ ಅನ್ನುತ್ತಾರೆ, ಅದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಮೇಲಿನದು ಯುವಿ-ಬಿಗೆ, ಅಂದರೆ 280ರಿಂದ 315 ನ್ಯಾನೋಮೀಟರ್ ಅಲೆಗಳಿಗೆ ಹೊಂದುವ ಮಾತು. ಯುವಿ-ಎ ಕಿರಣಕ್ಕೆ ಓಝೋನ್ ಇದ್ದರೂ ಒಂದೇ, ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ. ಯುವಿ-ಸಿ ಯಾವಾಗಲೂ ಮೇಲೆಯೇ ನಿಂತುಬಿಡುತ್ತದೆ. ತೂತಿನ ಕೆಳಗೂ ಅದು ನೆಲ ಮುಟ್ಟುವುದಿಲ್ಲ.

ಹಾಗಾದರೆ ಸೆಪ್ಟೆಂಬರ್ ಕೊನೆಗೆ, ತೂತು ಅತಿ ದೊಡ್ಡದಿರುವಾಗ, ಬಿಸಿಲೂ ಅತಿ ಅಪಾಯ ಅಲ್ವಾ?

ಎಲ್ಲರೂ ಎಡವುವುದು ಇಲ್ಲೇ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಪತ್ರಿಕೆಯವರು ತೂತಿನ ಅಗಲವನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ತಾರೀಖಿನ ಮಾತು ಯಾರೂ ಎತ್ತುವುದಿಲ್ಲ. ಎಷ್ಟು ಕಡಿಮೆಯಾಯಿತು ಅನ್ನುವುದರ ಜೊತೆಗೆ ಯಾವ ತಾರೀಖಿಗೆ ಕಡಿಮೆಯಾಯಿತು ಅಂತ ಕೇಳಲೇಬೇಕು.

ಅಂಟಾರ್ಟಿಕಾದಲ್ಲಿರುವ ಭಾರತದ ಮೈತ್ರಿ ನಿಲ್ದಾಣವನ್ನೇ ತೆಗೆದುಕೊಳ್ಳಿ. ಅದು ಸುಮಾರು 70.8 ಡಿಗ್ರಿ ದಕ್ಷಿಣದಲ್ಲಿದೆ. ಅಕ್ಟೋಬರ್ 1ರ ನಡುಮಧ್ಯಾಹ್ನ ಅಲ್ಲಿ ಸೂರ್ಯ ದಿಗಂತದಿಂದ ಬರೀ 22 ಡಿಗ್ರಿ ಮೇಲಿರುತ್ತಾನೆ. ಮೈಸೂರಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿನ ಬಿಸಿಲು ಅನ್ನಿ. ಕಿರಣ ಓರೆಯಾಗಿ ಬರುವುದರಿಂದ ಓಝೋನ್ ಪದರದಲ್ಲಿ ಎರಡೂವರೆ ಪಟ್ಟಿಗೂ ಜಾಸ್ತಿ ದೂರ ಸಾಗಬೇಕು. ಡಿಸೆಂಬರ್ 1ಕ್ಕೆ ಅದೇ ಜಾಗದಲ್ಲಿ ಸೂರ್ಯ 41 ಡಿಗ್ರಿ ಏರಿರುತ್ತಾನೆ. ಆಗ ಸಾಗಬೇಕಾದ ದೂರ ಒಂದೂವರೆ ಪಟ್ಟು ಮಾತ್ರ.

ತಾರಸಿಯ ಕಪ್ಪು ಹಲಗೆ ಮೇಲೆ ನಾವು ಹಾಕಿದ ಅಂದಾಜು ಲೆಕ್ಕ ಇಲ್ಲಿದೆ. ಮೋಡ ಇಲ್ಲ, ಹಿಮದ ಹೊಳಪನ್ನು ಲೆಕ್ಕಕ್ಕೆ ಸೇರಿಸಿಲ್ಲ. ಅಕ್ಟೋಬರ್ 1ರಂದು ಓಝೋನ್ 300 ಇದ್ದರೆ ಮಧ್ಯಾಹ್ನದ ಯುವಿ ಸೂಚ್ಯಂಕ (ಬಿಸಿಲು ಚರ್ಮವನ್ನು ಎಷ್ಟು ಜೋರಾಗಿ ಸುಡುತ್ತದೆ ಅನ್ನುವ ಅಂಕ) ಸುಮಾರು 1.2. ಅದು 150ಕ್ಕೆ ಇಳಿದರೆ 2.8. ಎರಡು ಪಟ್ಟಿಗೂ ಮಿಕ್ಕಿ ಏರಿತು ನಿಜ, ಆದರೂ ನಮ್ಮ ಲೆಕ್ಕದಲ್ಲಿ ಅದು ಎಳೆ ಬಿಸಿಲೇ. ಡಿಸೆಂಬರ್ 1ರಂದು ಓಝೋನ್ 300 ಇದ್ದರೆ 4.5. 150 ಇದ್ದರೆ 10.6! ಓಝೋನ್ ಇಳಿದದ್ದು ಎರಡೂ ದಿನ ಅಷ್ಟೇ. ಅಕ್ಟೋಬರ್‌ನಲ್ಲಿ ಒಂದೂವರೆ ಅಂಕ ಏರಿದರೆ, ಡಿಸೆಂಬರ್‌ನಲ್ಲಿ ಆರು ಅಂಕ ಏರಿತು.

ಹಾಗಾಗಿ ತೂತು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ದಿನ ಉಳಿಯಿತು ಅನ್ನುವುದು ನೆಲದ ಮೇಲಿನವರಿಗೆ ಮುಖ್ಯ. ಸಾಮಾನ್ಯವಾಗಿ ಸುಳಿ ನವೆಂಬರ್ ಹೊತ್ತಿಗೆ ಒಡೆದು, ಹೊರಗಿನ ಓಝೋನ್ ಒಳಗೆ ನುಗ್ಗುತ್ತದೆ. 2020ರಲ್ಲಿ ಹಾಗಾಗಲಿಲ್ಲ. ತೂತು ಡಿಸೆಂಬರ್ ಕೊನೆಯವರೆಗೂ ಎಳೆಯಿತು. ಆ ವರ್ಷ ಡಿಸೆಂಬರ್ ಮೊದಲ ವಾರದಲ್ಲಿ ಅಂಟಾರ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಸೂಚ್ಯಂಕ 14ರ ಹತ್ತಿರ ಹೋಯಿತು. ಏಪ್ರಿಲ್ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿ ಮೇಲೆ ಬಂದು ನೆರಳೇ ಮಾಯವಾಗುವ ದಿನ ಮೈಸೂರಿನಲ್ಲಿ 12 ದಾಟುತ್ತದೆ. ಅಂದರೆ ಸುತ್ತ ಹಿಮ ತುಂಬಿದ ಜಾಗದಲ್ಲಿ ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲು. ಅಲ್ಲಿ ಯಾರಿಗೂ ಸೆಖೆ ಆಗುವುದಿಲ್ಲ, ಸ್ವೆಟರ್ ಹಾಕಿಕೊಂಡೇ ಮುಖ ಸುಟ್ಟುಕೊಳ್ಳುತ್ತಾರೆ.

ಇನ್ನೊಂದು ಮಾತು. ಡಿಸೆಂಬರ್‌ನಲ್ಲಿ ಮೈತ್ರಿಯಂಥ ಜಾಗದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಮಗೆ ಸಂಜೆ ಅಂತ ಒಂದು ಬಿಡುವು ಸಿಗುತ್ತದೆ. ಅಲ್ಲಿನ ಪಾಚಿಗೆ ಆ ಬಿಡುವೂ ಇಲ್ಲ.

ಉತ್ತರ ಧ್ರುವದಲ್ಲೂ ಹೀಗೇನಾ?

ಅಷ್ಟಿಲ್ಲ. ಉತ್ತರದಲ್ಲಿ ದೊಡ್ಡ ಪರ್ವತಗಳು, ಭೂಮಿ-ಕಡಲಿನ ಏರುಪೇರು ಜಾಸ್ತಿ. ಅವುಗಳಿಂದ ಎದ್ದ ಅಲೆಗಳು ಸುಳಿಯನ್ನು ಅಲುಗಾಡಿಸಿ ಬೆಚ್ಚಗೆ ಮಾಡುತ್ತವೆ. ಹಾಗಿದ್ದೂ 2011 ಮತ್ತು 2020ರ ವಸಂತದಲ್ಲಿ ಓಝೋನ್ ಚೆನ್ನಾಗಿಯೇ ಇಳಿಯಿತು. 2020ರ ಮಾರ್ಚ್‌ನಲ್ಲಿ ಒಂದು ಹಂತದಲ್ಲಿ 205ರ ಸುಮಾರಿಗೆ ಬಂತು.

ಆಗ "ಉತ್ತರ ಧ್ರುವದಲ್ಲಿ ಯುವಿ ಎರಡು ಪಟ್ಟು" ಅನ್ನುವ ಸಂದೇಶವೊಂದು ನಮ್ಮ ಗುಂಪಿಗೆ ಬಂತು. ಸುಳ್ಳಲ್ಲ. ಆದರೆ ಮಾರ್ಚ್ ಕೊನೆಗೆ ಉತ್ತರ ಧ್ರುವದ ಹತ್ತಿರದ ದ್ವೀಪಸಮೂಹ ಸ್ವಾಲ್‌ಬಾರ್ಡಿನ ನೀ-ಓಲೆಸುಂಡ್‌ನಲ್ಲಿ ಮಧ್ಯಾಹ್ನದ ಸೂರ್ಯ 14 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೂಚ್ಯಂಕ 0.3 ಇದ್ದದ್ದು 0.6 ಆಗಬಹುದು, ಅಷ್ಟೆ. ಜೇಬಲ್ಲಿ ಎಂಟಾಣೆ ಇದ್ದವನ ಹತ್ತಿರ ಒಂದು ರೂಪಾಯಿ ಆಯಿತು ಅಂದರೆ ಅದೂ ಎರಡು ಪಟ್ಟೇ!

ಓಝೋನ್ ಥಟ್ಟನೆ ಜಾಸ್ತಿ ಆಗುವುದೂ ಉಂಟಾ?

ಉಂಟು. 2002ರ ಸೆಪ್ಟೆಂಬರ್ ಕೊನೆಯಲ್ಲಿ ಅಂಟಾರ್ಟಿಕಾದ ಮೇಲಿನ ಗಾಳಿ ಕೆಲವೇ ದಿನದಲ್ಲಿ ಬಿಸಿಯಾಗಿ, ಸುಳಿ ಎರಡು ತುಂಡಾಯಿತು. ತೂತೂ ಎರಡಾಯಿತು. ದಕ್ಷಿಣದಲ್ಲಿ ಅಷ್ಟು ದೊಡ್ಡ ದಿಢೀರ್ ಬಿಸಿಯನ್ನು ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ. 2019ರಲ್ಲೂ ಅಂಥದ್ದೇ ಒಂದು ಬಿಸಿ ಬಂದು ತೂತು ತೀರಾ ಚಿಕ್ಕದಾಯಿತು. "ಓಝೋನ್ ವಾಸಿಯಾಯಿತು" ಅಂತ ಆಗ ಸುದ್ದಿ ಓಡಾಡಿತು. ಹವೆಯ ಆಟವನ್ನು ಗುಣವಾದದ್ದು ಅಂದುಕೊಂಡದ್ದು. ಮರುವರ್ಷವೇ ಬಂದದ್ದು ಮೇಲೆ ಹೇಳಿದ 2020ರ ತೂತು.

ಹಿಮದಿಂದ ಏನು ವ್ಯತ್ಯಾಸ?

ತುಂಬಾ. ನಮ್ಮ ಮಣ್ಣು, ಹುಲ್ಲು ಅತಿನೇರಳೆ ಕಿರಣದಲ್ಲಿ ಶೇಕಡಾ 10ರಷ್ಟನ್ನೂ ವಾಪಸ್ ಎಸೆಯುವುದಿಲ್ಲ. ಹೊಸ ಹಿಮ ಶೇಕಡಾ 80ಕ್ಕೂ ಜಾಸ್ತಿ ಎಸೆಯುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಒಂದು ಬೇಸಿಗೆಯಲ್ಲಿ ಮನಾಲಿಯ ಮೇಲೆ ಹಿಮದಲ್ಲಿ ಅರ್ಧ ದಿನ ಕಳೆದೆ. ತಲೆಗೆ ಅಗಲ ಅಂಚಿನ ಟೋಪಿ ಇತ್ತು, ಜಂಬವೂ ಇತ್ತು. ರಾತ್ರಿ ಹೋಟೆಲಿನ ಕನ್ನಡಿಯಲ್ಲಿ ನೋಡಿದರೆ ಹಣೆ ಚೆನ್ನಾಗಿದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಅಂಚು, ಕಿವಿಯ ಹಾಲೆಯ ಕೆಳಗೆ ಕೆಂಪು. ಎರಡು ದಿನ ಬಿಟ್ಟು ಗದ್ದದ ಕೆಳಗಿನ ಸಿಪ್ಪೆ ಈರುಳ್ಳಿ ಪೊರೆಯ ಹಾಗೆ ಎದ್ದಿತು. ಗಡ್ಡ ಹೆರೆಯಲು ಆಗಲಿಲ್ಲ. ಬಿಸಿಲು ಕೆಳಗಿನಿಂದ ಬಂದಿತ್ತು. ಧ್ರುವದ ನಿಲ್ದಾಣದವರು ಕಪ್ಪು ಕನ್ನಡಕವನ್ನು ಪಕ್ಕದಿಂದಲೂ ಬೆಳಕು ನುಗ್ಗದಂತೆ ಹಾಕಿಕೊಳ್ಳುವುದು ಸುಮ್ನೆ ಅಲ್ಲ. ಹಿಮದ ಪ್ರತಿಫಲನದಿಂದ ಕಣ್ಣಿನ ಮೇಲ್ಪದರ ಸುಟ್ಟರೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯುತ್ತದೆ.

ಮೋಡ ಇದ್ದರೆ ಪಾರಾದಂತೆ ಅಲ್ವಾ?

ಮೈಸೂರಿನಲ್ಲಿ ದಟ್ಟ ಮೋಡ ಕವಿದರೆ ಅತಿನೇರಳೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹಿಮದ ಮೇಲೆ ಅಷ್ಟು ಬೀಳುವುದಿಲ್ಲ. ಮೋಡ ದಾಟಿ ಬಂದ ಬೆಳಕು ಹಿಮಕ್ಕೆ ಬಡಿದು ಮೇಲೆ ಹೋಗುತ್ತದೆ, ಮೋಡ ಅದನ್ನು ಮತ್ತೆ ಕೆಳಕ್ಕೆ ತಳ್ಳುತ್ತದೆ. ಎದುರುಬದುರು ಕನ್ನಡಿ ಇರುವ ಕ್ಷೌರದ ಅಂಗಡಿಯಲ್ಲಿ ಕೂತ ಹಾಗೆ. ಬಿಡಿ ಬಿಡಿ ಮೋಡದ ಅಂಚಿಗೆ ಸೂರ್ಯ ಬಂದಾಗ, ಸ್ವಲ್ಪ ಹೊತ್ತು, ನಿರ್ಮಲ ಆಕಾಶಕ್ಕಿಂತಲೂ ಜಾಸ್ತಿ ಕಿರಣ ಬೀಳುವುದುಂಟು. ಅದಕ್ಕೇ ಯುವಿ ಏರಿದ ಕೂಡಲೇ ಎಲ್ಲವನ್ನೂ ಓಝೋನ್ ತಲೆಗೆ ಕಟ್ಟಬಾರದು.

ಸೂರ್ಯನ ಬಿರುಗಾಳಿ ಬಂದಾಗ ಧ್ರುವದ ಓಝೋನ್ ನಾಶವಾಗುತ್ತದಂತೆ, ಹೌದಾ?

ಹೌದು, ಆದರೆ ಎಲ್ಲಿ ಅಂತ ನೋಡಿ. ಸೂರ್ಯನಿಂದ ಚಿಮ್ಮಿದ ಪ್ರೋಟಾನುಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವದ ಕಡೆಗೇ ಇಳಿಸುತ್ತದೆ. ಅವು ಅಲ್ಲಿನ ಗಾಳಿಯನ್ನು ಒಡೆದು ಸಾರಜನಕ, ಜಲಜನಕದ ಆಕ್ಸೈಡುಗಳನ್ನು ಹುಟ್ಟಿಸುತ್ತವೆ. 2000ದ ಜುಲೈ, 2003ರ ಅಕ್ಟೋಬರ್-ನವೆಂಬರ್ ಬಿರುಗಾಳಿಗಳಲ್ಲಿ ಮೇಲಿನ ಓಝೋನ್ ಹೀಗೇ ಇಳಿಯಿತು. ಆದರೆ ಅದೆಲ್ಲ ಹೆಚ್ಚಾಗಿ 40 ಕಿಲೋಮೀಟರಿಗಿಂತ ಮೇಲಿನ ಕಥೆ. ಓಝೋನಿನ ದಾಸ್ತಾನು ಇರುವುದು ಅದಕ್ಕಿಂತ ಎಷ್ಟೋ ಕೆಳಗೆ. ಅಟ್ಟದ ಮೇಲಿನ ಎರಡು ಡಬ್ಬ ಖಾಲಿಯಾದರೆ ಉಗ್ರಾಣ ಬರಿದಾದಂತೆ ಅಲ್ಲವಲ್ಲ. ಒಟ್ಟು ದಪ್ಪದಲ್ಲಿ ಒಂದೆರಡು ಶೇಕಡಾ ವ್ಯತ್ಯಾಸ ಬಂದರೆ ಜಾಸ್ತಿ. ನೆಲದ ಮೇಲೆ ಒಂದು ಸಣ್ಣ ಮೋಡ ಅಡ್ಡ ಬಂದರೂ ಆ ಲೆಕ್ಕ ಮುಳುಗಿಹೋಗುತ್ತದೆ.

ವಸಂತದಲ್ಲಿ ಆರ್ಕ್ಟಿಕ್ ನೆಲಮಟ್ಟದ ಓಝೋನ್ ಸೊನ್ನೆ ಆಗುತ್ತದೆ ಅಂತ ಓದಿದೆ. ಭಯ ಪಡಬೇಕಾ?

ಬೇಡ. ಕಡಲ ಮಂಜುಗಡ್ಡೆಯ ಉಪ್ಪಿನಿಂದ ಬಂದ ಬ್ರೋಮಿನ್ ಮೊದಲ ಬಿಸಿಲಲ್ಲಿ ನೆಲದ ಹತ್ತಿರದ ಓಝೋನನ್ನು ಕೆಲವೇ ಗಂಟೆಗಳಲ್ಲಿ ಗುಡಿಸಿ ಹಾಕುತ್ತದೆ. ಅಲಾಸ್ಕಾದ ಬ್ಯಾರೋದಲ್ಲಿ (ಈಗಿನ ಹೆಸರು ಉಟ್ಕಿಯಾಗ್ವಿಕ್) ಇದನ್ನು ಅಳೆದಿದ್ದಾರೆ. ಆದರೆ ಕೆಲವು ನೂರು ಮೀಟರ್ ಗಾಳಿಯಲ್ಲಿ ಇರುವುದೇ ಒಂದೆರಡು ಡಾಬ್ಸನ್ ಯೂನಿಟ್. ಹೋದರೆ ಹೋಯಿತು.

ಇದನ್ನೆಲ್ಲ ಅಳೆಯುವುದು ಹೇಗೆ? ನಮ್ಮವರೂ ಅಳೆಯುತ್ತಾರಾ?

ಅಳೆಯುತ್ತಾರೆ. ಅಂಟಾರ್ಟಿಕಾದಲ್ಲಿ ಈಗ ನಮ್ಮ ಎರಡು ನಿಲ್ದಾಣ ನಡೆಯುತ್ತಿವೆ, 1989ರಿಂದ ಮೈತ್ರಿ, 2012ರಿಂದ ಭಾರತಿ. ಉತ್ತರದಲ್ಲಿ ನೀ-ಓಲೆಸುಂಡ್‌ನ ಹಿಮಾದ್ರಿ 2008ರಿಂದ ಇದೆ. ಅಂಟಾರ್ಟಿಕಾದಲ್ಲಿ ಹವಾಮಾನ ಇಲಾಖೆಯವರು ಬಲೂನಿಗೆ ಓಝೋನ್ ಅಳೆಯುವ ಡಬ್ಬ ಕಟ್ಟಿ ಬಿಡುತ್ತಾರೆ. ನನಗೆ ತುಂಬಾ ಇಷ್ಟವಾದ ಉಪಕರಣ ಅದು. ಟಿಫಿನ್ ಡಬ್ಬದಷ್ಟು ದೊಡ್ಡ ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಪುಟ್ಟ ಪಂಪು ಹೊರಗಿನ ಗಾಳಿಯನ್ನು ಪೊಟ್ಯಾಸಿಯಂ ಅಯೊಡೈಡ್ ದ್ರಾವಣಕ್ಕೆ ಗುಳುಗುಳು ಅಂತ ಊದುತ್ತದೆ. ಓಝೋನ್ ಬಂದಷ್ಟು ಅಯೊಡಿನ್ ಬಿಡುಗಡೆಯಾಗಿ ಸಣ್ಣ ಕರೆಂಟು ಹರಿಯುತ್ತದೆ. ಆ ಕರೆಂಟಿನ ಅಳತೆ ರೇಡಿಯೋದಲ್ಲಿ ಕೆಳಗೆ ಬರುತ್ತದೆ. ಬಲೂನು 30 ಕಿಲೋಮೀಟರ್ ಸುಮಾರಿಗೆ ಏರಿ, ಉಬ್ಬಿ ಉಬ್ಬಿ ಒಡೆಯುತ್ತದೆ.

ನೆಲದ ಮೇಲಿನ ಡಾಬ್ಸನ್, ಬ್ರೂವರ್ ಯಂತ್ರಗಳು ಓಝೋನ್ ಚೆನ್ನಾಗಿ ಹೀರುವ ಅಲೆಯನ್ನೂ, ಕಡಿಮೆ ಹೀರುವ ಅಲೆಯನ್ನೂ ಹೋಲಿಸಿ ದಪ್ಪ ಹೇಳುತ್ತವೆ. ಉಪಗ್ರಹಗಳು ಚದುರಿ ವಾಪಸ್ ಬಂದ ಬಿಸಿಲನ್ನು ನೋಡುತ್ತವೆ. ಹಾಗಾಗಿ ಧ್ರುವದ ಕತ್ತಲ ತಿಂಗಳುಗಳಲ್ಲಿ ಅವುಗಳ ನಕ್ಷೆಯ ನಡುವೆ ಖಾಲಿ ವೃತ್ತ ಕಾಣುತ್ತದೆ. "ತೂತು ಬಂತು!" ಅಂತ ಅದನ್ನು ಯಾರಾದರೂ ಕಳಿಸಿದರೆ ನಕ್ಕು ಬಿಡಿ, ಅಲ್ಲಿ ಬೆಳಕಿಲ್ಲ ಅಷ್ಟೆ.

ಅಲ್ಲಿ ಇದರಿಂದ ಪೆಟ್ಟು ಯಾರಿಗೆ?

ಜನ ಕ್ರೀಮು, ಕನ್ನಡಕ ಹಾಕಿಕೊಳ್ಳುತ್ತಾರೆ. ಕಡಲಿನ ಸಣ್ಣ ಪಾಚಿಗಳಿಗೆ ಅದಿಲ್ಲ. ಕರಗುವ ಮಂಜಿನ ಅಂಚಿನಲ್ಲಿ ಮಾಡಿದ ಅಳತೆಯಲ್ಲಿ, ತೂತಿನ ಕೆಳಗೆ ಪಾಚಿಯ ಬೆಳವಣಿಗೆ ಶೇಕಡಾ 6ರಿಂದ 12ರಷ್ಟು ಕಡಿಮೆ ಕಂಡಿತು. ಇದು 1992ರಲ್ಲಿ ಪ್ರಕಟವಾಯಿತು. ಆ ಪಾಚಿಯನ್ನು ಸೀಗಡಿಯಂಥ ಪುಟ್ಟ ಜೀವಿ ಕ್ರಿಲ್ ತಿನ್ನುತ್ತದೆ, ಕ್ರಿಲ್ಲನ್ನು ಪೆಂಗ್ವಿನ್, ತಿಮಿಂಗಿಲ ತಿನ್ನುತ್ತವೆ. ಚಳಿಗಾಲವಿಡೀ ಹಿಮದ ಹೊದಿಕೆ ಪುಟ್ಟ ಗಿಡಗಳನ್ನೂ ಪಾಚಿಯನ್ನೂ ಕಾಯುತ್ತದೆ. ಹಿಮ ಕರಗಿ ಅವು ಹೊರಬಂದ ವಾರಕ್ಕೆ ಸರಿಯಾಗಿ ಓಝೋನ್ ತೆಳುವಾದರೆ ಕಷ್ಟ. ಒಂದು ವಾರ ಮೊದಲಾಗಿದ್ದರೆ ಏನೂ ಆಗುತ್ತಿರಲಿಲ್ಲ.

"ಅಲ್ಲ ಮೇಷ್ಟ್ರೇ, ನಮ್ಮ ಕಬ್ಬಿಗೂ ಇದಕ್ಕೂ ಏನು ಸಂಬಂಧ?"

ಪಾಂಡವಪುರದ ಕಡೆಯಿಂದ ಬರುವ ಹಿರಿಯರೊಬ್ಬರ ಪ್ರಶ್ನೆ ಇದು. ಸಂಬಂಧ ಇಲ್ಲ ಗೌಡ್ರೇ, ನಿಮ್ಮ ಗದ್ದೆಗೂ ಇಲ್ಲ, ನಮ್ಮ ತಾರಸಿಯ ಸಂಡಿಗೆಗೂ ಇಲ್ಲ. ದಕ್ಷಿಣದ ಸುಳಿ ಒಡೆದಾಗ ಓಝೋನ್ ಕಡಿಮೆ ಇರುವ ಗಾಳಿ ನ್ಯೂಜಿಲೆಂಡ್, ಆಸ್ಟ್ರೇಲಿಯಾದ ದಕ್ಷಿಣ ಭಾಗದವರೆಗೆ ಹರಡುವುದುಂಟು. ಇಲ್ಲಿಗೆ ಅದರ ಬಿಸಿ ತಟ್ಟುವುದಿಲ್ಲ. ನಮ್ಮ ಬಿಸಿಲು ಓಝೋನ್ ಮಾಮೂಲಾಗಿ ಇದ್ದಾಗಲೇ ಜೋರು, ಯಾಕೆಂದರೆ ಸೂರ್ಯ ನೆತ್ತಿ ಮೇಲಿರುತ್ತಾನೆ. ಮಾರ್ಚ್‌ನಲ್ಲಿ ಹನ್ನೊಂದರಿಂದ ಮೂರರವರೆಗೆ ತಲೆಗೆ ಟವಲ್ ಸುತ್ತಿಕೊಳ್ಳಿ.

ತೂತಿನಿಂದಾಗಿ ಭೂಮಿ ಬಿಸಿಯಾಗುತ್ತಿದೆಯಾ?

ಇಲ್ಲ. ಭೂಮಿ ಬಿಸಿಯಾಗಲು ಮುಖ್ಯ ಕಾರಣ ಕಾರ್ಬನ್ ಡೈಆಕ್ಸೈಡ್. ಎರಡು ಕಥೆಗಳನ್ನು ಬೆರೆಸಬೇಡಿ.

ತೂತು ಪೂರ್ತಿ ಮುಚ್ಚಿದ ಮೇಲೆ ಈ ದಿನದಿನದ ಏರುಪೇರು ನಿಲ್ಲುತ್ತದಾ?

ವಿಜ್ಞಾನಿಗಳ 2022ರ ಅಂದಾಜಿನ ಪ್ರಕಾರ, ಅಂಟಾರ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ, ಆರ್ಕ್ಟಿಕ್‌ನಲ್ಲಿ 2045ರ ಸುಮಾರಿಗೆ. ಕ್ಲೋರಿನ್ ಕಡಿಮೆಯಾದಂತೆ ಆಳವಾದ ಇಳಿತ ಕಡಿಮೆಯಾಗುತ್ತದೆ. ಆದರೆ ಬುಗುರಿ ವಾಲುವುದು ನಿಲ್ಲುವುದಿಲ್ಲ. ಹೆಚ್ಚು ಒತ್ತಡದ ಹವೆ ಬಂದಾಗ ಮರಿ ತೂತು ಆಗಲೂ ಏಳುತ್ತದೆ, ಎರಡು ದಿನ ಇದ್ದು ಹೋಗುತ್ತದೆ. ಅದು ಸಿಎಫ್‌ಸಿ ಹುಟ್ಟುವ ಮೊದಲೂ ಇತ್ತು.

ದಿನದ ಓಝೋನ್ ನಕ್ಷೆ ನೋಡುವಾಗ ಏನು ಗಮನಿಸಲಿ?

ಮೂಲೆಯಲ್ಲಿರುವ ತಾರೀಖು ಮೊದಲು ನೋಡಿ. ಅಂದು ಆ ಜಾಗದಲ್ಲಿ ಮಧ್ಯಾಹ್ನದ ಸೂರ್ಯ ಎಷ್ಟು ಎತ್ತರ ಅಂತ ಲೆಕ್ಕ ಹಾಕಿ. ಆಮೇಲೆ ಓಝೋನ್ ಕಡಿಮೆ ಇರುವುದನ್ನು ತೋರಿಸುವ ನೀಲಿ, ನೇರಳೆ ಬಣ್ಣಕ್ಕೆ ಬನ್ನಿ. ಹಿಂದಿನ ದಿನದ ನಕ್ಷೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡರೆ ಸುಳಿ ಯಾವ ಕಡೆ ವಾಲುತ್ತಿದೆ ಅಂತ ಕಾಣುತ್ತದೆ. ನವೆಂಬರ್ ಕೊನೆಯಲ್ಲೂ ನೇರಳೆ ಬಣ್ಣ ಉಳಿದಿದ್ದರೆ ಭಾನುವಾರ ತಾರಸಿಗೆ ಬರುವಾಗ ಅದರ ಪ್ರಿಂಟ್ ತನ್ನಿ, ಕಾಫಿ ನಮ್ಮದು.